ಕೆನ್ನೆಗೆ ಹೊಡೆಯುವ ಚಳುಕು: ಮಾತ್ರೆ, ಮುದ್ದೆ, ಮಾಗಿಯ ಗಾಳಿ

ಮೊದಲು ಹಲ್ಲಿನ ವಿಷಯ. ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ನರನೋವು ಶುರುವಾದವರು ಸಾಮಾನ್ಯವಾಗಿ ಮೊದಲು ಹೋಗುವುದು ಹಲ್ಲಿನ ಡಾಕ್ಟರ ಹತ್ತಿರ. ಅದರಲ್ಲಿ ತಪ್ಪಿಲ್ಲ. ಎಕ್ಸ್‌ರೇಯಲ್ಲಿ ಹುಳುಕು, ಕೀವು ಏನೂ ಕಾಣದಿದ್ದರೂ ದವಡೆಹಲ್ಲು ಕೀಳಿಸಿಕೊಳ್ಳುವುದು ತಪ್ಪು. ಕಿತ್ತ ಮೇಲೂ ನೋವು ಹಾಗೇ ಇರುತ್ತದೆ, ಆಮೇಲೆ ಪಕ್ಕದ ಹಲ್ಲಿನ ಸರದಿ. ತಲೆಯ ಐದನೇ ನರಕ್ಕೆ ಮೂರು ಕವಲು: ಒಂದು ಹಣೆ ಮತ್ತು ಕಣ್ಣಿಗೆ, ಒಂದು ಕೆನ್ನೆ ಮತ್ತು ಮೇಲ್ದವಡೆಗೆ, ಇನ್ನೊಂದು ಕೆಳದವಡೆಗೆ. ಹಲ್ಲುಗಳಿಗೆ ಹೋಗುವುದೂ ಕೆಳಗಿನ ಎರಡು ಕವಲುಗಳೇ. ಹಾಗಾಗಿ ನರದ ಬುಡದಲ್ಲಿ ತೊಂದರೆಯಾದರೂ ನೋವು ಹಲ್ಲಿನಲ್ಲೇ ಇದೆ ಅನ್ನಿಸುತ್ತದೆ.

ಎರಡನ್ನೂ ಬೇರೆ ಮಾಡಿ ನೋಡಬಹುದು. ಹಲ್ಲುನೋವು ಬಿಸಿ ಕಾಫಿ ಕುಡಿದ ಮೇಲೆ ನಿಮಿಷಗಟ್ಟಲೆ ಜುಮುಗುಟ್ಟುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ನರನೋವು ಕರೆಂಟು ಹೊಡೆದ ಹಾಗೆ ಬಂದು ಕೆಲವೇ ಸೆಕೆಂಡಿನಲ್ಲಿ, ಹೆಚ್ಚೆಂದರೆ ಎರಡು ನಿಮಿಷದಲ್ಲಿ, ಥಟ್ಟನೆ ನಿಲ್ಲುತ್ತದೆ. ನಿದ್ದೆಯಲ್ಲಿ ಕಾಡುವುದು ಕಡಿಮೆ. ಒಂದೇ ಕಡೆ ಇರುತ್ತದೆ. ಒಂದು ಎಚ್ಚರಿಕೆ: ಹಲ್ಲಿನ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ನರನೋವೂ ತಾತ್ಕಾಲಿಕವಾಗಿ ನಿಲ್ಲುತ್ತದೆ. ಅದನ್ನೇ ನಂಬಿಕೊಂಡು ಹಲ್ಲೇ ಕಾರಣ ಎಂದು ತೀರ್ಮಾನಿಸಬಾರದು. ಲವಂಗದ ಎಣ್ಣೆ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಇದಕ್ಕೆ ನಾಟುವುದಿಲ್ಲ.

ನಾಟುವುದು ಕಾರ್ಬಮಜೆಪಿನ್. ಮೂರ್ಛೆರೋಗದ ಈ ಔಷಧಿಯನ್ನು 1962ರಿಂದ ಮುಖದ ನರನೋವಿಗೂ ಕೊಡುತ್ತಿದ್ದಾರೆ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಟೆಗ್ರಿಟಾಲ್, ಜೆಪ್ಟಾಲ್, ಮಜೆಟಾಲ್ ಹೆಸರಿನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ 100 ಮಿಲಿಗ್ರಾಂ ದಿನಕ್ಕೆರಡು ಸಲ ಎಂದು ಶುರುಮಾಡಿ, ಕೆಲವು ದಿನಕ್ಕೊಮ್ಮೆ 100ರಿಂದ 200 ಏರಿಸುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ 600ರಿಂದ 1200ರೊಳಗೆ ನೋವು ಹಿಡಿತಕ್ಕೆ ಬರುತ್ತದೆ. ಬೇಗ ಏರಿಸಿದರೆ ತೂಕಡಿಕೆ, ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು. ಡೋಸ್ ಏರಿಸಿದ ವಾರ ನಾನು ಸ್ಕೂಟರ್ ಮುಟ್ಟುವುದಿಲ್ಲ.

ಇಲ್ಲಿ ಬಹಳ ಜನ ಎಡವುವುದು, ನೋವು ಬಂದಾಗ ನುಂಗುವ ಮಾತ್ರೆ ಎಂದು ಇದನ್ನು ತಿಳಿದುಕೊಂಡು. ಸಾದಾ ಮಾತ್ರೆ ರಕ್ತದಲ್ಲಿ ಪೂರ್ತಿ ಏರಲು ನಾಲ್ಕರಿಂದ ಎಂಟು ಗಂಟೆ ಬೇಕು. ಚಳುಕು ಹೊಡೆದ ಮೇಲೆ ನುಂಗಿದರೆ ಆ ಚಳುಕಿಗೆ ಏನೂ ಆಗುವುದಿಲ್ಲ. ಗಡಿಯಾರ ನೋಡಿಯೇ ನುಂಗಬೇಕು. ರಾತ್ರಿ ಎಂಟಕ್ಕೆ ಊಟದ ಜೊತೆ ನುಂಗಿ, ಬೆಳಿಗ್ಗೆ ಆರಕ್ಕೆ ಹಲ್ಲುಜ್ಜಿದರೆ ಮದ್ದಿನ ಬಲ ತಗ್ಗಿರುವ ಹೊತ್ತಿಗೇ ಬ್ರಷ್ ಬಾಯಿಗೆ ಹೋಗುತ್ತದೆ. ಡಾಕ್ಟರನ್ನು ಕೇಳಿಯೇ ನಾನು ರಾತ್ರಿಯದನ್ನು ಮಲಗುವ ಹೊತ್ತಿಗೆ, ಹತ್ತೂವರೆಗೆ ತಂದೆ. ಬೆಳಿಗ್ಗೆಯದು ಎದ್ದ ಕೂಡಲೇ ಐದೂವರೆಗೆ. ಆಗ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸುವುದಷ್ಟೇ. ಹಲ್ಲುಜ್ಜುವುದು, ಶೇವಿಂಗ್ ಹತ್ತು ಗಂಟೆಯ ಮೇಲೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಜಗಿಯಬಾರದು, ಪುಡಿ ಮಾಡಬಾರದು.

ಇನ್ನೂ ಎರಡು ಸಂಗತಿ ಯಾರೂ ಮುಂಚೆ ಹೇಳುವುದಿಲ್ಲ. ಒಂದು, ಈ ಮದ್ದು ತನ್ನನ್ನು ತಾನೇ ಬೇಗ ಕರಗಿಸುವ ಹಾಗೆ ಲಿವರನ್ನು ಪಳಗಿಸುತ್ತದೆ. ಮೂರರಿಂದ ಐದು ವಾರದಲ್ಲಿ ಅದೇ ಡೋಸಿಗೆ ರಕ್ತದ ಮಟ್ಟ ಇಳಿದು ನೋವು ಮರಳಬಹುದು. ರೋಗ ಜೋರಾಯಿತು ಎಂದು ಗಾಬರಿಯಾಗುವ ಬದಲು ಡಾಕ್ಟರಿಗೆ ತಿಳಿಸಿ ಡೋಸ್ ಸರಿಮಾಡಿಸಿಕೊಳ್ಳಬೇಕು. ಎರಡು, ಮಾತ್ರೆ ತೇವಕ್ಕೆ ಸಿಕ್ಕರೆ ಅದರ ಬಲ ಮೂರನೇ ಒಂದು ಭಾಗದಷ್ಟು ಹೋಗಬಹುದು. ಬಚ್ಚಲ ಗೂಡು, ಅಡುಗೆಮನೆಯ ಸಿಂಕಿನ ಮೇಲಿನ ಶೆಲ್ಫ್ ಬೇಡ. ಬ್ರ್ಯಾಂಡನ್ನೂ ಅಂಗಡಿಯವರ ಮಾತಿಗೆ ಬದಲಿಸಬೇಡಿ.

ಶುರುಮಾಡುವ ಮುಂಚೆ ರಕ್ತಕಣ, ಲಿವರ್, ಸೋಡಿಯಂ ಪರೀಕ್ಷೆ, ಕೆಲವು ವಾರದ ಮೇಲೆ ಮತ್ತೊಮ್ಮೆ. ಸೋಡಿಯಂ 135ರಿಂದ 145ರ ನಡುವೆ ಇರಬೇಕು. ಬಿಪಿಗೆಂದು ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಅದು ಸದ್ದಿಲ್ಲದೆ ಇಳಿಯುತ್ತದೆ. ಮಾತು ತಡವರಿಸುವುದು, ಮಂಕಾಗುವುದು, ವಾಕರಿಕೆ ಕಂಡರೆ ವಯಸ್ಸಾಯಿತು ಎಂದು ಬಿಡದೆ ಅಂದೇ ಪರೀಕ್ಷೆ ಮಾಡಿಸಿ. ತೂಕಡಿಕೆ ಹೆಚ್ಚಿದವರಿಗೆ ಇದೇ ಗುಂಪಿನ ಇನ್ನೊಂದು ಮಾತ್ರೆ ಆಕ್ಸ್‌ಕಾರ್ಬಜೆಪಿನ್‌ಗೆ ಬದಲಿಸುತ್ತಾರೆ. ಅದರಲ್ಲಿ ಮಂಪರು ಕಡಿಮೆ, ಸೋಡಿಯಂ ಇಳಿಯುವುದು ಹೆಚ್ಚು. ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಇರುವವರಿಗೆ ಪ್ರಾಣಕ್ಕೇ ಕುತ್ತಾಗುವ ಚರ್ಮದ ಅಲರ್ಜಿ ಬರಬಹುದು. ಏಷ್ಯಾದವರಲ್ಲಿ ಅದು ಹೆಚ್ಚು, ಪರೀಕ್ಷೆ ಬೇಕೇ ಎಂದು ಕೇಳಿ. ಮೊದಲ ಎರಡು ಮೂರು ತಿಂಗಳಲ್ಲಿ ಜ್ವರದ ಜೊತೆ ಮೈಮೇಲೆ ಕೆಂಪು ದದ್ದು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ. ಹಾಗಲ್ಲದೆ ಒಮ್ಮೆಗೇ ನಿಲ್ಲಿಸುವಂತಿಲ್ಲ. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆಗಳು ಈ ಮದ್ದಿನ ಮಟ್ಟವನ್ನು ಏರಿಸುತ್ತವೆ, ಆದ್ದರಿಂದ ಕೆಮ್ಮು ಜ್ವರಕ್ಕೆ ಹೋದಾಗಲೂ ಚೀಟಿ ತೋರಿಸಿ. ಗರ್ಭನಿರೋಧಕ ಮಾತ್ರೆಯ ಬಲ ಇದರಿಂದ ತಗ್ಗುತ್ತದೆ ಎಂಬುದನ್ನು ಹೆಣ್ಣುಮಕ್ಕಳು ತಿಳಿದಿರಬೇಕು. ಗ್ರೇಪ್‌ಫ್ರೂಟ್ ಕೂಡ ಮಟ್ಟ ಏರಿಸುತ್ತದೆ. ಅದರ ಹತ್ತಿರದ ನೆಂಟ ಚಕ್ಕೋತವನ್ನೂ ನಾನು ಬಿಟ್ಟಿದ್ದೇನೆ.

ಇನ್ನು ದಿನಚರಿ. ಒಂದು ಸೂತ್ರ ಗೊತ್ತಾದರೆ ಅರ್ಧ ಕಷ್ಟ ಕಳೆಯುತ್ತದೆ: ಸವರಿದರೆ ಹೊಡೆಯುತ್ತದೆ, ಒತ್ತಿದರೆ ಅಷ್ಟಾಗಿ ಹೊಡೆಯುವುದಿಲ್ಲ. ಈ ನರ ರೇಗುವುದು ಹಗುರ ಸ್ಪರ್ಶಕ್ಕೆ. ಮುಖ ತೊಳೆಯುವಾಗ ನೀರು ಎರಚಿಕೊಳ್ಳಬೇಡಿ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಪಂಚೆಯ ತುಂಡನ್ನು ಕೆನ್ನೆಗೆ ಒತ್ತಿ ತೆಗೆಯಿರಿ. ಒರೆಸುವುದೂ ಹಾಗೇ, ಟವೆಲ್ ಒತ್ತಿ. ಮಕ್ಕಳ ಅತಿ ಮೃದು ಬ್ರಷ್, ನೋವಿಲ್ಲದ ಕಡೆಯಿಂದ ಶುರು. ಮಾಗಿಯಲ್ಲಿ ಎಲ್ಲರೂ ಹಾಕುವ ಉಲ್ಲನ್ ಮಂಕಿ ಟೋಪಿಯ ನೂಲೇ ಕೆನ್ನೆ ಕೆರಳಿಸುತ್ತದೆ. ಒಳಗೆ ಹಳೆಯ ಹತ್ತಿ ಬಟ್ಟೆ ಬಿಗಿಯಾಗಿ ಕಟ್ಟಿ ಅದರ ಮೇಲೆ ಹಾಕಿ. ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದು, ಕೆನ್ನೆಯ ಪ್ಯಾಡ್ ಬಿಗಿಯಿರುವಂಥದ್ದು. ಹಾಕುವಾಗ ಎರಡು ಪಕ್ಕವನ್ನೂ ಹೊರಗೆಳೆದು ನೇರ ಇಳಿಸಿ, ಗ್ಲಾಸ್ ಮುಚ್ಚಿಯೇ ಹೊರಡಿ. ಬಸ್ಸಿನಲ್ಲಿ ನೋಯುವ ಕೆನ್ನೆ ಕಿಟಕಿಯ ಕಡೆ ಬರದ ಹಾಗೆ ಕೂರಿ. ನನ್ನದು ಬಲಗಡೆ, ಹಾಗಾಗಿ ಎಡಸಾಲು. ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಬೆಳಗಿನ ಗಾಳಿ ನಮ್ಮಂಥವರಿಗಲ್ಲ. ವಾಕಿಂಗ್ ಸಂಜೆ ನಾಲ್ಕಕ್ಕೆ.

ಊಟದಲ್ಲಿ ಮಂಡ್ಯ ಸೀಮೆಯವರು ಪುಣ್ಯವಂತರು. ಮುದ್ದೆಯನ್ನು ಅಗಿಯುವ ಹಾಗಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ದವಡೆ ಆಡಿಸದೆ ಹೊಟ್ಟೆ ತುಂಬುವ ಊಟ ಇದಕ್ಕಿಂತ ಇನ್ನೊಂದಿಲ್ಲ. ಮುದ್ದೆ ಸ್ವಲ್ಪ ತೆಳುವಾಗಿ ತಿರುವಿ, ತುತ್ತು ಚಿಕ್ಕದಿರಲಿ, ಸಾರು ಬೆಚ್ಚಗಷ್ಟೇ ಇರಲಿ. ಬಸ್ಸಾರಿನ ಸೊಪ್ಪಿನ ಪಲ್ಯವನ್ನು ಅರೆದು ಸಾರಿಗೇ ಸೇರಿಸಿಬಿಡಿ. ಸಾಂಬಾರಿನಲ್ಲಿ ನೆನೆದ ಇಡ್ಲಿ, ಮಿದ್ದ ಮೊಸರನ್ನ, ಅಂಬಲಿ ಆಗುತ್ತದೆ; ಮೊಸರು ಫ್ರಿಜ್ಜಿನಿಂದ ನೇರ ಬೇಡ. ಮದ್ದೂರು ವಡೆ, ಚಕ್ಕುಲಿ, ಕಬ್ಬು, ಎಲೆ ಅಡಿಕೆ ಬಿಡಲೇಬೇಕು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಕೊಬ್ಬರಿ ಸಮೇತ ಕುಟ್ಟಿ ಪುಡಿ ಮಾಡಿಕೊಳ್ಳಿ. ಒಂದು ಚಳುಕು ಹೊಡೆದು ನಿಂತ ಮೇಲೆ ನರಕ್ಕೆ ಕೆಲವು ಸೆಕೆಂಡಿನಿಂದ ಕೆಲವು ನಿಮಿಷದವರೆಗೆ ಬಿಡುವಿರುತ್ತದೆ. ತುತ್ತು ಕೈಯಲ್ಲೇ ಹಿಡಿದು ಕಾದಿದ್ದು ಆ ಹೊತ್ತಿಗೆ ನುಂಗಬಹುದು. ಹೆದರಿ ಊಟ ಬಿಡುವವರು ಬೇಗ ಇಳಿದುಹೋಗುತ್ತಾರೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ.

ಮಾತಾಡಿದರೂ ಹೊಡೆಯುವ ದಿನಗಳಿರುತ್ತವೆ. ಮನೆಯವರಿಗೆ ಒಂದು ಸನ್ನೆ ಹೇಳಿಕೊಟ್ಟಿರಿ: ಅಂಗೈ ಎತ್ತಿದರೆ ಉತ್ತರ ಕೇಳಬೇಡಿ ಎಂದರ್ಥ. ಹೊರಗಿನಿಂದ ಏನೂ ಕಾಣದ ನೋವು ಇದು, ನಾಟಕ ಅನ್ನುವವರೂ ಇದ್ದಾರೆ. ಆ ಮಾತು ಮನಸ್ಸನ್ನು ಕುಗ್ಗಿಸುತ್ತದೆ. ಸಾಯುವುದೇ ಮೇಲು ಅನ್ನಿಸತೊಡಗಿದರೆ ಮುಚ್ಚಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು.

ನರರೋಗ ತಜ್ಞರ ಹತ್ತಿರ ಹೋಗುವಾಗ ಎರಡು ವಾರದ ಲೆಕ್ಕ ಒಂದೇ ಹಾಳೆಯಲ್ಲಿರಲಿ: ದಿನಕ್ಕೆ ಎಷ್ಟು ಚಳುಕು, ಎಷ್ಟು ಸೆಕೆಂಡು, ಏನು ಮಾಡುವಾಗ, ಮಾತ್ರೆ ನುಂಗಿ ಎಷ್ಟು ಗಂಟೆಯ ಮೇಲೆ. ಕೆನ್ನೆ ಮರಗಟ್ಟಿದ್ದರೆ, ಎರಡೂ ಕಡೆ ನೋವಿದ್ದರೆ, ವಯಸ್ಸು ನಲವತ್ತರೊಳಗಿದ್ದರೆ ಅದನ್ನೇ ಮೊದಲು ಹೇಳಿ. ಗೆಡ್ಡೆ ಅಥವಾ ಮಲ್ಟಿಪಲ್ ಸ್ಕ್ಲೀರೋಸಿಸ್ (ನರಗಳ ಹೊದಿಕೆ ಹಾಳಾಗುವ ರೋಗ) ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕಾಗುತ್ತದೆ. ಎಂಆರ್‌ಐ ಚೀಟಿಯಲ್ಲಿ ಬರೀ ‘ಬ್ರೈನ್’ ಎಂದಿದ್ದರೆ ಸಾಲದು. ನರದ ಬುಡಕ್ಕೆ ರಕ್ತನಾಳ ತಾಗಿದೆಯೇ ಎಂದು ತೋರಿಸುವ ತೆಳು ಸೀಳಿನ ಚಿತ್ರ ಬೇಕು. ಯಂತ್ರಕ್ಕೆ ತಕ್ಕಂತೆ ಅದನ್ನು ಸಿಸ್ ಅಥವಾ ಫಿಯೆಸ್ಟಾ ಅನ್ನುತ್ತಾರೆ. ಸ್ಕ್ಯಾನಿಂಗ್‌ನವರಿಗೆ ಮುಂಚೆಯೇ ತಿಳಿಸದಿದ್ದರೆ ಎರಡನೇ ಸಲ ದುಡ್ಡು ಕಟ್ಟಬೇಕಾದೀತು.

ಮಾತ್ರೆ ಸಾಲದಾದಾಗ, ಅಥವಾ ಅದರ ಮಂಪರಿನಲ್ಲಿ ಬದುಕುವುದು ಕಷ್ಟವಾದಾಗ ಆಪರೇಷನ್. ಕಿವಿಯ ಹಿಂದೆ ಚಿಕ್ಕ ಕಿಂಡಿ ಕೊರೆದು, ನರವನ್ನು ಒತ್ತುತ್ತಿರುವ ರಕ್ತನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ. ಮೈಸೂರಿನವರು ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗುತ್ತಾರೆ. 1996ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹತ್ತು ವರ್ಷದ ನಂತರವೂ ಶೇಕಡಾ 70ರಷ್ಟು ಜನರಿಗೆ ಒಳ್ಳೆಯ ಫಲ ಉಳಿದಿತ್ತು. ತಲೆ ತೆರೆಯುವ ಶಸ್ತ್ರಚಿಕಿತ್ಸೆಯಾದ್ದರಿಂದ ಆ ಕಡೆಯ ಕಿವಿ ಕೇಳಿಸದಾಗುವ ಅಪಾಯ ಸ್ವಲ್ಪ ಇದೆ. ಅದನ್ನು ಬಾಯಿಬಿಟ್ಟು ಕೇಳಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಸುಡುವ ಅಥವಾ ಬಲೂನಿನಿಂದ ಒತ್ತುವ ವಿಧಾನಗಳಿವೆ. ಅದರಲ್ಲಿ ನೋವು ಬೇಗ ಹೋಗುತ್ತದೆ, ಕೆನ್ನೆ ಮರಗಟ್ಟುತ್ತದೆ, ಕೆಲವು ವರ್ಷಕ್ಕೆ ನೋವು ಮರಳಬಹುದು. ಗಾಮಾ ನೈಫ್ ವಿಕಿರಣದಲ್ಲಿ ಕೊಯ್ಯುವುದಿಲ್ಲ, ಆದರೆ ಗುಣ ಕಾಣಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಮಾತ್ರೆ ಹಳೆಯ ಹೊತ್ತಿಗೇ ನುಂಗುತ್ತಿರಬೇಕು.