ರಾಣಿ ಇಲ್ಲದ ಪೆಟ್ಟಿಗೆ ಕಲಿಸಿದ ಲೆಕ್ಕ

ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಜೀವಕೋಶದಲ್ಲಿ ವಂಶಗುಣ ಹೊರುವ ಎಳೆಗಳಾದ ಕ್ರೋಮೋಸೋಮ್‌ಗಳ ಲೆಕ್ಕದಲ್ಲಿ ಹ್ಯಾಪ್ಲಾಯ್ಡ್ ಅಂದರೆ ಅರ್ಧ, ಡಿಪ್ಲಾಯ್ಡ್ ಅಂದರೆ ಪೂರ್ತಿ ಅಂತ ವರ್ಷಗಟ್ಟಲೆ ಸುಮ್ನೆ ಬೋರ್ಡಿನಲ್ಲಿ ಬರೆದು ಮುಗಿಸಿದೆ. ಮನುಷ್ಯನಿಗೆ 46 ಕ್ರೋಮೋಸೋಮ್, ಅಂಡಕ್ಕೂ ವೀರ್ಯಾಣುವಿಗೂ 23. ಹಸುವಿಗೆ 60, 30. ಮಕ್ಕಳು ಎರಡರಿಂದ ಭಾಗಿಸಿ ಮಾರ್ಕು ತೆಗೆಯುತ್ತಿದ್ದರು, ಅಷ್ಟೇ.

ನನ್ನ ಪಾಠ ಎಲ್ಲಿ ಸೋತಿತ್ತು ಅಂತ ಗೊತ್ತಾಗಿದ್ದು ಅಡಿಕೆ ತೋಟದಲ್ಲಿ ನಾನು ಸಾಕಿದ್ದ ತುಡುವೆ ಜೇನಿನ ಪೆಟ್ಟಿಗೆಯಿಂದ. ಒಂದು ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಮಳೆ ಬಿಡಲೇ ಇಲ್ಲ, ತಿಂಗಳ ಹತ್ತಿರ ಪೆಟ್ಟಿಗೆ ತೆರೆಯಲಿಲ್ಲ. ತೆರೆದು ನೋಡಿದರೆ ಮೇಣದ ಎರಿಯ ಒಂದೊಂದು ಕಣ್ಣಿನಲ್ಲಿ ಎರಡು ಮೂರು ಮೊಟ್ಟೆ, ಕೆಲವು ಗೋಡೆಗೇ ಅಂಟಿಕೊಂಡಿವೆ. ಮುಚ್ಚಿದ ಕಣ್ಣುಗಳ ಮುಚ್ಚಳ ಗುಂಡಗೆ ಉಬ್ಬಿ, ನೆತ್ತಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಮೊಟ್ಟೆ ಜಾಸ್ತಿ ಇದೆಯಲ್ಲ ಅಂತ ನನಗೆ ಖುಷಿ. ಪಕ್ಕದ ತೋಟದ ಅಜ್ಜ ಬಗ್ಗಿ ನೋಡಿ, "ಮಾಷ್ಟ್ರೇ, ಇದರಲ್ಲಿ ರಾಣಿ ಇಲ್ಲ, ಇನ್ನು ಬರೀ ಗಂಡೇ ಬರುವುದು" ಅಂದರು. ಹಾಗೇ ಆಯಿತು. ರಾಣಿ ಸತ್ತ ಮೇಲೆ ಕೆಲಸಗಾರ ನೊಣಗಳೇ (ಅವೂ ಹೆಣ್ಣೇ) ಮೊಟ್ಟೆ ಇಟ್ಟಿದ್ದವು. ಅವು ಗಂಡಿನ ಜೊತೆ ಕೂಡುವುದಿಲ್ಲ, ಮೊಟ್ಟೆಗೆ ವೀರ್ಯಾಣು ಸಿಗುವುದಿಲ್ಲ, ಅಂಥ ಮೊಟ್ಟೆಯಿಂದ ಗಂಡುನೊಣ ಹುಟ್ಟುತ್ತದೆ. ಝೀರ್ಜೋನ್ ಎಂಬ ಪಾದ್ರಿ ಇದನ್ನು 1845ರಲ್ಲೇ ಹೇಳಿದ್ದರು. ನನ್ನ ಪೆಟ್ಟಿಗೆಯ ಆ ಜೇನು ಕುಟುಂಬ ಉಳಿಯಲಿಲ್ಲ.

ಖಾಲಿ ಎರಿಯನ್ನು ಕ್ಲಾಸಿಗೆ ಒಯ್ದೆ. ರಾಣಿಗೂ ಕೆಲಸಗಾರ ನೊಣಕ್ಕೂ 32 ಕ್ರೋಮೋಸೋಮ್, ಅದರಲ್ಲಿ 16 ತಾಯಿದು, 16 ಅಪ್ಪಂದು. ಗಂಡುನೊಣಕ್ಕೆ ಇರುವುದೇ 16, ಎಲ್ಲಾ ತಾಯಿದು. ಅದಕ್ಕೆ ಅಪ್ಪ ಇಲ್ಲ, ಅಜ್ಜ ಇದ್ದಾನೆ ಅಂದಾಗ ಕ್ಲಾಸು ಪೂರ್ತಿ ನಕ್ಕಿತು. ಆಗ ಹಿಂದಿನ ಬೆಂಚಿನ ಹುಡುಗಿ, "ಸರ್, ಹಾಗಾದ್ರೆ ಅದರ ವೀರ್ಯಾಣುವಿನಲ್ಲಿ 8 ಅಲ್ವಾ?" ಅಂದಳು. ನನ್ನ ಭಾಗಾಕಾರ ಅಲ್ಲೇ ಸಿಕ್ಕಿಬಿತ್ತು. ಅಲ್ಲ, ಅಲ್ಲೂ 16. ಜೋಡಿಯೇ ಇಲ್ಲದ ಮೇಲೆ ಬೇರ್ಪಡಿಸುವುದು ಏನನ್ನು? ಜೋಡಿಗಳನ್ನು ಬೇರ್ಪಡಿಸಿ ಅಂಡ, ವೀರ್ಯಾಣು ಮಾಡುವ ಕೋಶ ವಿಭಜನೆಯಾದ ಮಿಯಾಸಿಸ್‌ನಲ್ಲಿ ಮೊದಲ ವಿಭಜನೆ ಶುರುವಾಗಿ ಅರ್ಧದಲ್ಲೇ ನಿಂತುಬಿಡುತ್ತದೆ.

ಈಗ 'ಅರ್ಧ' ಅನ್ನುವುದನ್ನೇ ಬಿಟ್ಟಿದ್ದೇನೆ, 'ಒಂದು ಸೆಟ್' ಅನ್ನುತ್ತೇನೆ. 23 ಜನರ ಚಪ್ಪಲಿ ಜಗಲಿಯಲ್ಲಿ ಸಾಲಾಗಿ ಇಡಿಸಿ, ಒಂದು ಸೆಟ್ ತೆಗೆಯಿರಿ ಅನ್ನುವುದು. ಕೈಗೆ ಸಿಕ್ಕಿದ 23 ಎತ್ತಿದರೆ ಆಗುವುದಿಲ್ಲ, ಪ್ರತಿ ಜೊತೆಯಿಂದ ಒಂದು ಬರಬೇಕು. ಒಬ್ಬ ಗಡಿಬಿಡಿಯಲ್ಲಿ ಒಂದು ಕಾಲಿಗೆ ಅಪ್ಪನ ಚಪ್ಪಲಿ ಹಾಕಿಕೊಂಡು ಬಂದಿದ್ದ. ಗಂಡಸರಲ್ಲಿ ಒಂದರಂತೆ ಒಂದಿಲ್ಲದ ಎಕ್ಸ್-ವೈ ಕ್ರೋಮೋಸೋಮ್ ಜೊತೆಗೆ ಅವನದೇ ಉದಾಹರಣೆ ಆಯಿತು.