ಆಯಿಯ ಜೊತೆ ನೈನಿತಾಲ್‌ನಲ್ಲಿ ನಾಲ್ಕು ದಿನ

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಈಗ 68. ಮಂಡಿ ನೋವಿದೆ. ಹಿಮದ ಬೆಟ್ಟವನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಅವಳ ಎಷ್ಟೋ ವರ್ಷದ ಆಸೆ. ಕೇದಾರ ಅವಳ ಕಾಲಿಗೆ ಆಗದ ಮಾತು. ಯೋಚಿಸಿ ಯೋಚಿಸಿ ನಾನು ಉತ್ತರಾಖಂಡದ ನೈನಿತಾಲ್ ಆರಿಸಿದೆ. ಗುಡ್ಡಗಳ ನಡುವೆ ಕೆರೆ, ಕೆರೆಯ ಸುತ್ತ ಊರು, ದಂಡೆಗುಂಟ ಏರಿಳಿತ ಕಡಿಮೆ ಇರುವ ದಾರಿ. ರೋಪ್‌ವೇ ಹತ್ತಿದರೆ ಹಿಮದ ಸಾಲು ಕಾಣುತ್ತದೆ. ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಊರು ನನಗೆ ತೋಚಲಿಲ್ಲ.

ಶಿರಸಿ ಕಡೆಯ ತೋಟಿಗರಿಗೆ ಮನೆ ಬಿಡುವ ಪುರುಸೊತ್ತು ಸಿಗುವುದೇ ಅಪರೂಪ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧ ಹೊಡೆಯಬೇಕು. ಆಮೇಲೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು. ಇವೆರಡರ ನಡುವೆ ಅಕ್ಟೋಬರ್ ಸ್ವಲ್ಪ ಬಿಡುವು. ಅಲ್ಲಿಗೂ ಅದೇ ಒಳ್ಳೆಯ ಕಾಲ. ಮೇ, ಜೂನ್‌ನಲ್ಲಿ ಸೆಕೆ ತಾಳಲಾರದೆ ಬಯಲಿನ ಜನರೆಲ್ಲ ಮೇಲೆ ಬರುತ್ತಾರೆ, ಊರೊಳಗೆ ಕಾರು ಹೋಗಲು ಜಾಗವಿರುವುದಿಲ್ಲ. ಮಳೆ ಮುಗಿದ ಮೇಲೆ ಆಕಾಶ ತಿಳಿಯಾಗಿ ಹಿಮದ ಬೆಟ್ಟ ಚೆನ್ನಾಗಿ ಕಾಣುತ್ತದೆ.

ಶಿರಸಿಗೆ ರೈಲಿಲ್ಲ. ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಎರಡು ರಾತ್ರಿ ರೈಲಿನಲ್ಲಿ ದಿಲ್ಲಿ. ದಿಲ್ಲಿಯಲ್ಲಿ ಹಗಲು ವಿಶ್ರಾಂತಿ, ರಾತ್ರಿ ಮತ್ತೊಂದು ರೈಲು. ಬೆಳಗಿನ ಜಾವ ಕಾಠಗೋದಾಮ್. ಹಳಿ ಅಲ್ಲಿಗೇ ಮುಗಿಯುತ್ತದೆ. ಮುಂದೆ ಸುಮಾರು 35 ಕಿಲೋಮೀಟರ್ ಘಟ್ಟದ ದಾರಿ. ದೇವಿಮನೆ ಘಟ್ಟ ಹತ್ತಿ ಇಳಿದು ರೂಢಿಯಿದ್ದ ಆಯಿಗೂ ಅಲ್ಲಿನ ತಿರುವುಗಳು ಜಾಸ್ತಿಯೇ ಆದವು. ಟ್ಯಾಕ್ಸಿಯವನಿಗೆ ಹೇಳಿ ಎರಡು ಕಡೆ ನಿಲ್ಲಿಸಿದೆ. ನಮ್ಮ ಶಿರಸಿ 600 ಮೀಟರ್ ಆಸುಪಾಸಿನಲ್ಲಿದೆ. ನೈನಿತಾಲ್ ಕೆರೆ ಇರುವುದು ಸುಮಾರು 1,940 ಮೀಟರ್ ಎತ್ತರದಲ್ಲಿ. ಹಾಗಾಗಿ ಮೊದಲ ದಿನ ಎಲ್ಲೂ ಹೋಗುವುದು ಬೇಡ ಎಂದು ಮನೆಯಲ್ಲೇ ತೀರ್ಮಾನಿಸಿದ್ದೆ.

ನಾನು ಎಡವಿದ್ದು ವಸತಿಯಲ್ಲಿ. ಫೋನಿನಲ್ಲಿ 'ರಸ್ತೆಯ ಪಕ್ಕದಲ್ಲೇ' ಅಂದಿದ್ದರು. ರಸ್ತೆಯ ಪಕ್ಕ ಇದ್ದದ್ದು ಅವರ ಬೋರ್ಡು ಮಾತ್ರ. ಲಾಡ್ಜಿಗೆ 90ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕಿತ್ತು. ಆಯಿ ಮೆಟ್ಟಿಲು ನೋಡಿದಳು, ನನ್ನ ಮುಖ ನೋಡಿದಳು. ನನಗೆ ಅಳು ಬರುವಂತಾಯಿತು. ಮುಂಗಡ ವಾಪಸ್ ಸಿಗಲಿಲ್ಲ. ಅವಳನ್ನು ದಂಡೆಯ ಬೆಂಚಿನಲ್ಲಿ ಕೂರಿಸಿ, ಒಂದು ತಾಸು ಅಲೆದು, ತಲ್ಲಿತಾಲ್ ಬಸ್ ಸ್ಟ್ಯಾಂಡಿನ ಹತ್ತಿರ ನೆಲಮಹಡಿಯ ಕೋಣೆ ಹಿಡಿದೆ. ವಯಸ್ಸಾದವರನ್ನು ಕರೆದೊಯ್ಯುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಾರು ನಿಲ್ಲುವಲ್ಲಿಂದ ಕೋಣೆಗೆ ಎಷ್ಟು ಮೆಟ್ಟಿಲು? ಕೆರೆ ಕಾಣುತ್ತದಾ ಅನ್ನುವುದು ಆಮೇಲೆ. ಹೊರಗೆ ಕಾಲಿಟ್ಟರೆ ಕೆರೆ ಇದ್ದೇ ಇದೆ.

ನಾನು ಬರುವಷ್ಟರಲ್ಲಿ ಆಯಿ ಶಾಲು ಹೊದ್ದು ನೆಮ್ಮದಿಯಾಗಿ ಕೂತಿದ್ದಳು. "ತಮಾ, ಇದು ಥೇಟ್ ಗೇರುಬೀಜ ಇದ್ದಾಂಗೆ ಇದ್ದು ಅಲ್ದಾ?" ಅಂದಳು. ಹೌದು, ಕೆರೆಯ ಆಕಾರ ಹಾಗೇ ಇದೆ, ನಡುವೆ ಸ್ವಲ್ಪ ಬಾಗಿ. ಕೆಳಗಿನ ತುದಿ ತಲ್ಲಿತಾಲ್, ಮೇಲಿನ ತುದಿ ಮಲ್ಲಿತಾಲ್. ಒಂದು ದಂಡೆಯಲ್ಲಿ ಅಂಗಡಿ, ಹೋಟೆಲು ತುಂಬಿದ ಮಾಲ್ ರೋಡ್. ಎದುರು ದಂಡೆಯಲ್ಲಿ ಮರದ ನೆರಳಿನ 'ಠಂಡಿ ಸಡಕ್', ನಡೆಯುವವರಿಗೆ ಮಾತ್ರ. ಪೂರ್ತಿ ಸುತ್ತು ಸುಮಾರು ಮೂರೂವರೆ ಕಿಲೋಮೀಟರ್. ಟ್ಯಾಕ್ಸಿಯವರು ಒಂದೇ ದಿನಕ್ಕೆ ಹತ್ತು 'ಪಾಯಿಂಟ್' ತೋರಿಸುತ್ತೇವೆ ಅಂದರು. ನಾನು ಒಪ್ಪಲಿಲ್ಲ. ಈ ಒಂದು ಸುತ್ತನ್ನೇ ಮೂರು ದಿನಕ್ಕೆ ಹಂಚಿ ನಡೆಯೋಣ ಅಂದೆ.

ಎರಡನೇ ದಿನ ಮಾಲ್ ರೋಡಿನಲ್ಲಿ ಅರ್ಧ ನಡೆದು, ಅರ್ಧ ರಿಕ್ಷಾದಲ್ಲಿ ಮಲ್ಲಿತಾಲ್ ತಲುಪಿದೆವು. ನೀರಿನ ಅಂಚಿಗೇ ನೈನಾದೇವಿ ಗುಡಿ. ಸತಿಯ ಕಣ್ಣು ಬಿದ್ದ ಜಾಗ ಅನ್ನುವ ನಂಬಿಕೆ. ಗುಡಿಯ ಪಕ್ಕ ಹುಡುಗರು ಆಟವಾಡುವ ದೊಡ್ಡ ಮೈದಾನವಿದೆ, 'ಫ್ಲ್ಯಾಟ್ಸ್' ಅನ್ನುತ್ತಾರೆ. ಇಷ್ಟು ಕಡಿದಾದ ಊರಲ್ಲಿ ಇಷ್ಟು ದೊಡ್ಡ ಬಯಲು ಹೇಗೆ ಬಂತು ಅಂತ ಆಯಿ ಕೇಳಿದಳು. 1880ರ ಸೆಪ್ಟೆಂಬರ್ 18ರಂದು, ಎಡೆಬಿಡದ ಮಳೆಯ ನಂತರ, ಮೇಲಿನ ಗುಡ್ಡ ಕುಸಿಯಿತು. 151 ಜನ ಸತ್ತರು. ಹಳೆಯ ಗುಡಿಯೂ ಹೋಯಿತು. ಜಾರಿ ಬಂದ ಮಣ್ಣು ಕೆರೆಯವರೆಗೆ ಹರಡಿ ಈ ಬಯಲು ಅಗಲವಾಯಿತು. ನಾವು ನಿಂತದ್ದು ಅದೇ ಮಣ್ಣಿನ ಮೇಲೆ.

ಆಯಿ ಮಾತಾಡಲಿಲ್ಲ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಗಳು ಜಾರಿ ಹೋದದ್ದು, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದದ್ದು ನಮಗಿಬ್ಬರಿಗೂ ನೆನಪಾಗಿತ್ತು. ನೈನಿತಾಲ್‌ನ ಆ ದುರಂತದ ಮೇಲೆ ಬ್ರಿಟಿಷರು ಗುಡ್ಡದ ಉದ್ದಕ್ಕೂ ಕಲ್ಲಿನ ಕಾಲುವೆ ಕಟ್ಟಿಸಿದರು. ಮಳೆನೀರು ಮಣ್ಣಿನೊಳಗೆ ನಿಲ್ಲದೆ ಹರಿದು ಕೆರೆ ಸೇರಬೇಕು ಅಂತ. ಆ ನಾಲೆಗಳು ಇವತ್ತಿಗೂ ಇವೆ. ಮೇಲೆ ಹೋಗುವಾಗ ಗಮನವಿಟ್ಟು ನೋಡಿ. ನಮ್ಮ ತೋಟದ ಬಸಿಗಾಲುವೆಯಂತೆಯೇ ಕೆಲಸ. ಕಸ ತುಂಬಿದರೆ ಕೆಲಸ ಕೆಡುವುದೂ ಹಾಗೆಯೇ. ಆ ಕೆರೆಯ ನೀರೇ ಊರಿಗೆ ಕುಡಿಯಲು. ನಾಲೆಗೆ ಬಿದ್ದ ಚಿಪ್ಸ್ ಪ್ಯಾಕೆಟ್ ಅಲ್ಲಿಗೇ ಹೋಗುತ್ತದೆ. ನಾಲ್ಕೂ ದಿನ ಕಸಕ್ಕೆ ಅಂತ ಆಯಿಯ ಚೀಲದಲ್ಲಿ ಒಂದು ಬಟ್ಟೆಚೀಲ ಇಟ್ಟುಕೊಂಡಿದ್ದೆವು.

ಊಟಕ್ಕೆ ತೊಂದರೆಯಾಗಲಿಲ್ಲ. ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ, ನಮ್ಮ ಕಡೆಯ ಸಿಹಿ ತೊಡೆದೇವು ಒಂದು ಡಬ್ಬಿ ಜೊತೆಗಿತ್ತು. ಮಾಲ್ ರೋಡಿನ ಹೋಟೆಲುಗಳಲ್ಲಿ ಬರೀ ಪನೀರ್. ಆ ಸೀಮೆಯ ಕುಮಾವೂನಿ ಊಟ ಬೇಕಾದರೆ ಕೇಳಿ ಹುಡುಕಬೇಕು. 'ಭಟ್' ಅನ್ನುವ ಕಪ್ಪು ಸೋಯಾ ಕಾಳಿನ ಗಟ್ಟಿ ಸಾರು, ಅನ್ನ, ಒಗ್ಗರಣೆ ಹಾಕಿದ ಆಲೂಗಡ್ಡೆ. ಆಯಿ ಅದನ್ನು ಎರಡನೇ ಸಲ ಹಾಕಿಸಿಕೊಂಡಳು. ಕೋಣೆಯ ಮಾಲೀಕರ ಹೆಂಡತಿಗೆ ನಾಲ್ಕು ತೊಡೆದೇವು ಕೊಟ್ಟಳು. ಅವರು ಬಾಲ್ ಮಿಠಾಯಿ ಕೊಟ್ಟರು, ಹುರಿದ ಖೋವಾ, ಮೇಲೆ ಬಿಳಿ ಸಕ್ಕರೆ ಗುಳಿಗೆ. ಭಾಷೆ ಬರದಿದ್ದರೂ ಇಬ್ಬರೂ ಅರ್ಧ ತಾಸು ಕೂತರು.

ಮೂರನೇ ದಿನ ಬೇಗ ಎದ್ದೆವು. ಹೊತ್ತೇರಿದಂತೆ ಹಿಮದ ಸಾಲಿಗೆ ಮೋಡ ಕಟ್ಟುತ್ತದೆ. ಹಾಗಾಗಿ ರೋಪ್‌ವೇ ಶುರುವಾಗುವ ಮೊದಲೇ ಸಾಲಿನಲ್ಲಿರಬೇಕು. ಮಲ್ಲಿತಾಲ್‌ನಿಂದ ಗುಡ್ಡದ ಮೇಲಿನ ಸ್ನೋ ವ್ಯೂಗೆ ಕೆಲವೇ ನಿಮಿಷ. ಸ್ನೋ ವ್ಯೂ 2,270 ಮೀಟರ್ ಎತ್ತರದಲ್ಲಿದೆ. ಇಳಿದು ನಾಲ್ಕು ಹೆಜ್ಜೆ ನಡೆದದ್ದೇ ಆಯಿ ನನ್ನ ಕೈ ಬಿಟ್ಟು ಕಟಕಟೆ ಹಿಡಿದಳು. ಎದುರಿಗೆ ತ್ರಿಶೂಲ್, ಅದರಾಚೆ 7,816 ಮೀಟರಿನ ನಂದಾದೇವಿ. "ಎಷ್ಟು ಹತ್ರ ಇದ್ದಾಂಗೆ ಕಾಣ್ತು," ಅಂದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಫೋಟೋ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಸುಮ್ನೆ ಪಕ್ಕದಲ್ಲಿ ನಿಂತೆ. ಒಂಬತ್ತೂವರೆಗೆ ಮೋಡ ಮುಚ್ಚಿತು.

ಕೊನೆಯ ದಿನಕ್ಕೆ ಠಂಡಿ ಸಡಕ್ ಬಾಕಿ ಇತ್ತು. ಮಲ್ಲಿತಾಲ್‌ನಿಂದ ಶುರು ಮಾಡಿ, ಬೆಂಚು ಸಿಕ್ಕಲ್ಲೆಲ್ಲ ಕೂತು, ಪಾಷಾಣದೇವಿ ಗುಡಿಯಲ್ಲಿ ಕೈಮುಗಿದು, ಎರಡು ತಾಸಿನಲ್ಲಿ ತಲ್ಲಿತಾಲ್ ಮುಟ್ಟಿದೆವು. ಮೊದಲ ದಿನ ಅವಳು ಕೂತಿದ್ದ ಬೆಂಚು ಖಾಲಿ ಇತ್ತು. ಟ್ಯಾಕ್ಸಿ ಬರಲು ಇನ್ನೂ ಹೊತ್ತಿತ್ತು. ಆಯಿ ಶಾಲು ಸರಿಮಾಡಿಕೊಂಡು ಅಲ್ಲೇ ಕೂತಳು.