ಹಳೇ ಲಕೋಟೆ, ಸ್ಟ್ಯಾಂಪು ಹರಾಜಿಗಿಟ್ಟು ದುಡ್ಡು ಮಾಡಿದ್ದು ಹೇಗೆ: ನನ್ನ ಅನುಭವ

ಇಂಟರ್ನೆಟ್ಟಿನಲ್ಲಿ ಕೊಳ್ಳುವ, ಮಾರುವ ಸೈಟಾದ ಇಬೇಯ ಹರಾಜಿನಲ್ಲಿ ಒಂದು ವಸ್ತುವಿಗೆ ಒಳ್ಳೇ ಬೆಲೆ ಬರಬೇಕಾದರೆ ಅದು ಬೇಕು ಅನ್ನುವವರು ಇಬ್ಬರಾದರೂ ಇರಬೇಕು. ಒಬ್ಬರಿದ್ದರೆ ಸಾಲದು. ಹಳೇ ಸ್ಟ್ಯಾಂಪು, ಲಕೋಟೆ, ಕಾರ್ಡುಗಳನ್ನು ವರ್ಷಗಟ್ಟಲೆ ಮಾರಿ ನಾನು ಕಲಿತ ಮುಖ್ಯ ಪಾಠ ಇದೇ. ಯಾವುದನ್ನು ಹರಾಜಿಗೆ ಇಡಬೇಕು, ಯಾವುದಕ್ಕೆ ನಿಗದಿ ಬೆಲೆ ಹಾಕಬೇಕು, ಎಷ್ಟರಿಂದ ಶುರು ಮಾಡಬೇಕು ಅನ್ನೋದೆಲ್ಲ ಇದರ ಮೇಲೇ ನಿಂತಿದೆ.

ಅಲ್ಲಿ ಕೊಳ್ಳುವವರು ತಾವು ಹೆಚ್ಚೆಂದರೆ ಎಷ್ಟು ಕೊಡಬಹುದು ಅಂತ ಮೊದಲೇ ಬರೆದಿಡುತ್ತಾರೆ. ಅದು ಬೇರೆಯವರಿಗೆ ಕಾಣುವುದಿಲ್ಲ. ಸೈಟು ಅವರ ಪರವಾಗಿ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಒಬ್ಬರು 40 ಡಾಲರ್, ಇನ್ನೊಬ್ಬರು 25 ಡಾಲರ್ ಅಂತ ಬರೆದಿದ್ದರೆ ಮಾಲು ಹೋಗೋದು 26 ಡಾಲರಿಗೆ, 40ಕ್ಕಲ್ಲ. ಎರಡನೆಯವರು ಬರಲೇ ಇಲ್ಲವೆಂದರೆ ನೀವು ಶುರು ಮಾಡಿದ ಬೆಲೆಗೇ ಹೋಗುತ್ತದೆ. 'ಒಂದು ಡಾಲರಿಂದ ಶುರು ಮಾಡಿ, ಜನ ತಾವಾಗೇ ಏರಿಸ್ತಾರೆ' ಅಂತ ಹೇಳುವವರು ಬಹಳ. ಹತ್ತಾರು ಜನ ಹುಡುಕುತ್ತಿರುವ ಮಾಲಿಗೆ ಅದು ಸರಿ. ಅಪರೂಪದ್ದಾದರೂ ಒಬ್ಬಿಬ್ಬರಿಗಷ್ಟೇ ಬೇಕಾದದ್ದನ್ನು ಹಾಗೆ ಇಡಬಾರದು. ಯಾವ ಬೆಲೆಗೆ ಹೋದರೂ ನನಗೆ ಬೇಸರವಿಲ್ಲವೋ ಅಲ್ಲಿಂದಲೇ ನಾನು ಶುರು ಮಾಡುತ್ತೇನೆ. ಅದಕ್ಕೂ ಮೊದಲು ಅಂಥದ್ದೇ ಮಾಲು ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾಗಿದೆ ಅಂತ ನೋಡುತ್ತೇನೆ. ಜನ ಕೇಳುತ್ತಿರುವ ಬೆಲೆಯನ್ನಲ್ಲ, ಕೊಟ್ಟು ಹೋದ ಬೆಲೆಯನ್ನು.

ಮಾಲು ಸಿಗುವುದು ಮನೆಗಳಲ್ಲಿ. ಧಾರವಾಡದ ಒಂದು ಮನೆಯಲ್ಲಿ ಟ್ರಂಕಿನ ತುಂಬ ಅರವತ್ತರ ದಶಕದ ಪತ್ರಗಳಿದ್ದವು. 'ಬಿಸಿನೀರಾಗ ಹಾಕಿ ಸ್ಟ್ಯಾಂಪ್ ಬಿಡಿಸಿ ಕೊಡ್ಲೇನು?' ಅಂತ ಅಜ್ಜಿ ಕೇಳಿದರು. 'ಬ್ಯಾಡ್ರಿ ಅಜ್ಜಿ, ಹಂಗ ಇರ್ಲಿ. ಬೆಲಿ ಇರೋದು ಲಕೋಟೆಗೇ' ಅಂದೆ. ಆ ಸ್ಟ್ಯಾಂಪುಗಳು ತೀರಾ ಸಾಮಾನ್ಯ, ಬಿಡಿಸಿದರೆ ಯಾರಿಗೂ ಬೇಡ. ಆದರೆ ಕೆಲವು ಲಕೋಟೆಗಳ ಹಿಂದೆ ರೈಲ್ವೆ ಮೇಲ್ ಸರ್ವಿಸ್‌ನ ದುಂಡು ಮುದ್ರೆ ಬಿದ್ದಿತ್ತು, ತಾರೀಖು ಸಮೇತ ಸ್ಪಷ್ಟವಾಗಿ. ರೈಲು ಅಂಚೆಯ ಮುದ್ರೆಗಳನ್ನೇ ಕೂಡಿಡುವವರು ದೇಶ ವಿದೇಶಗಳಲ್ಲಿ ಇದ್ದಾರೆ. ಒಬ್ಬರಲ್ಲ, ಹಲವರು. ಹರಾಜಿಗೆ ಹೇಳಿ ಮಾಡಿಸಿದ ಮಾಲು ಅಂದರೆ ಅದು. ಒಳಗಿನ ಪತ್ರಗಳನ್ನು ತೆಗೆದು ಅಜ್ಜಿಯ ಕೈಗೇ ಕೊಟ್ಟೆ. ಒಂದು ಮನೆಯ ಮಾತು ಮಾರುವಂಥದ್ದಲ್ಲ. ಇಂಥ ಕಡೆ ನಾನು ಒಟ್ಟಿಗೆ ಇಷ್ಟು ಅಂತ ಕೊಟ್ಟು ಎತ್ತಿಕೊಂಡು ಬರುವುದಿಲ್ಲ. ಮಾರಿದ ಮೇಲೆ ಬಂದದ್ದರಲ್ಲಿ ಪಾಲು ಕೊಡುತ್ತೇನೆ. ಆ ನಂಬಿಕೆಯಿಂದಲೇ ಮುಂದಿನ ಮನೆಯ ವಿಳಾಸ ಸಿಗುತ್ತದೆ.

ಇನ್ನು ಮಾಲನ್ನು ಗುರುತಿಸುವ ಕೆಲಸ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ದುಡ್ಡು ಹುಟ್ಟುವುದೂ ಇಲ್ಲೇ. 1949ರ ಆಗಸ್ಟ್ 15ರಂದು ಬಂದ ಸ್ಮಾರಕಗಳ ಸ್ಟ್ಯಾಂಪ್ ಮಾಲೆಯನ್ನೇ ತಗೊಳ್ಳಿ. ಆರು ಆಣೆಯದರಲ್ಲಿ ನಮ್ಮ ವಿಜಯಪುರದ ಗೋಲ್ ಗುಂಬಜ್ ಇದೆ. ಒಂದು ಆಣೆಯದರಲ್ಲಿ ಬೋಧಿಸತ್ವ. ಆ ಚಿತ್ರ ಮೊದಲು ಎಡಬಲ ಅದಲುಬದಲಾಗಿ ಅಚ್ಚಾಗಿತ್ತು, 1950ರಲ್ಲಿ ಸರಿಪಡಿಸಿದರು. ಹಾಗಾಗಿ ಒಂದೇ ಸ್ಟ್ಯಾಂಪಿನಲ್ಲಿ ಎರಡು ಬಗೆ. ಯಾವ ಬಗೆ ಅಂತ ಶೀರ್ಷಿಕೆಯಲ್ಲೇ ಬರೆದರೆ ಹುಡುಕುವವರಿಗೆ ನೇರ ಸಿಗುತ್ತದೆ. ಸುಮ್ನೆ 'ಭಾರತದ ಹಳೇ ಸ್ಟ್ಯಾಂಪ್, ತುಂಬ ಅಪರೂಪ' ಅಂತ ಹಾಕಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇರುವುದು 80 ಅಕ್ಷರದ ಜಾಗ. ಅದರಲ್ಲಿ ವರ್ಷ, ಮುಖಬೆಲೆ, ಚಿತ್ರ, ಸ್ಥಿತಿ ಇಷ್ಟು ಬಂದರೆ ಸಾಕು.

ಫೋಟೋ ಎರಡೂ ಕಡೆಯದ್ದು ಬೇಕೇ ಬೇಕು. ಬಳಸದ ಸ್ಟ್ಯಾಂಪಾದರೆ ಹಿಂದಿನ ಅಂಟು ಹಾಗೇ ಇದೆಯಾ, ಆಲ್ಬಮ್ಮಿಗೆ ಅಂಟಿಸಿದ ಗುರುತಿದೆಯಾ, ನಮ್ಮ ಕಡೆಯ ತೇವಕ್ಕೆ ಕಂದು ಚುಕ್ಕೆ ಬಿದ್ದಿದೆಯಾ, ಕೊಳ್ಳುವವರು ನೋಡುವುದು ಇದನ್ನೇ. ಅಂಚಿನ ಒಂದು ಹಲ್ಲು ಮುರಿದಿದ್ದರೂ ಹತ್ತಿರದ ಫೋಟೋ ತೆಗೆದು ಹಾಕುತ್ತೇನೆ, ಬರೆದೂ ತಿಳಿಸುತ್ತೇನೆ. ಹೀಗೆ ಬರೆದ ಮೇಲೆ ನನ್ನ ಮಾಲು ವಾಪಸ್ ಬರುವುದು ಬಹಳ ಕಡಿಮೆ, ಕೊಂಡವರೇ ಮತ್ತೆ ಬರುವುದು ಜಾಸ್ತಿ.

ಹರಾಜು ಮುಗಿಯುವ ಹೊತ್ತೂ ಮುಖ್ಯ. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಬೆಲೆ ಕೂಗುವವರು ತುಂಬ ಜನ. ಭಾರತದ ಸ್ಟ್ಯಾಂಪಿಗೆ ಬ್ರಿಟನ್ನಿನಲ್ಲಿ ಒಳ್ಳೇ ಗಿರಾಕಿಗಳಿದ್ದಾರೆ. ಅವರ ಭಾನುವಾರ ರಾತ್ರಿ ಎಂಟು ಗಂಟೆ ಅಂದರೆ ನಮಗೆ ನಡುರಾತ್ರಿ ದಾಟಿರುತ್ತದೆ. ಅದಕ್ಕೇ ಏಳು ದಿನದ ಹರಾಜನ್ನು ಆ ಹೊತ್ತಿಗೆ ಮುಗಿಯುವಂತೆ ಮೊದಲೇ ಹೊಂದಿಸಿ ಮಲಗುತ್ತೇನೆ. ಗೆಳೆಯರಿಂದ ಸುಳ್ಳು ಬೆಲೆ ಕೂಗಿಸಿ ಏರಿಸುವುದಂತೂ ಬೇಡವೇ ಬೇಡ. ಅದು ಮೋಸ, ಸೈಟಿನ ನಿಯಮಕ್ಕೂ ವಿರುದ್ಧ.

2018ರ ಆಗಸ್ಟಿನಲ್ಲಿ ಇಬೇ ಇಂಡಿಯಾ ಮುಚ್ಚಿದ ಮೇಲೆ ನಾನು ಇಬೇ ಡಾಟ್ ಕಾಮ್‌ಗೆ ಹೋದೆ. ಹೊರದೇಶಕ್ಕೆ ಮಾರುವುದಾದರೆ ಆಮದು, ರಫ್ತು ಮಾಡುವವರಿಗೆ ಸರ್ಕಾರ ಕೊಡುವ ಐಇಸಿ ಸಂಖ್ಯೆ ಮಾಡಿಸಿಕೊಳ್ಳಿ. ಕಾನೂನನ್ನೂ ತಿಳಿದುಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ, ಕಲಾವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ದಾಖಲೆಗಳನ್ನು ನಾವು ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಹೊರದೇಶಕ್ಕೆ ಹೋಗುವ ಲಕೋಟೆ, ಕಾರ್ಡುಗಳಲ್ಲಿ 1955ರಿಂದ ಈಚಿನದ್ದನ್ನು ಮಾತ್ರ ಇಡುತ್ತೇನೆ. ನಾಡಿನ ಆಸ್ತಿ ನಾಡಿನಲ್ಲೇ ಇರಲಿ.

ಬೆಲೆ ಏರಿದ್ದೆಲ್ಲ ಲಾಭವಲ್ಲ. ಸೈಟಿನ ಕಮಿಷನ್ನು ಅಂಚೆ ಖರ್ಚನ್ನೂ ಸೇರಿಸಿದ ಒಟ್ಟು ಮೊತ್ತದ ಮೇಲೆ ಬೀಳುತ್ತದೆ. ಡಾಲರ್ ರೂಪಾಯಿಯಾಗುವಾಗಲೂ ಸ್ವಲ್ಪ ಕಳಚುತ್ತದೆ. ಬಟರ್ ಪೇಪರ್ ಕವರು, ಎರಡು ಗಟ್ಟಿ ರಟ್ಟು, ಮಳೆಗೆ ಪ್ಲಾಸ್ಟಿಕ್ಕು, ಇವುಗಳ ಖರ್ಚನ್ನೂ ಬರೆದಿಡಬೇಕು.

ಯಾರೂ ಕೂಗದೆ ಉಳಿದದ್ದನ್ನು ಮರುದಿನವೇ ಬೆಲೆ ಇಳಿಸಿ ಹಾಕುವುದಿಲ್ಲ. ಒಬ್ಬರಿಗಷ್ಟೇ ಬೇಕಾಗುವಂಥದ್ದಾದರೆ ನಿಗದಿ ಬೆಲೆಗೆ ಇಟ್ಟು ಕಾಯುತ್ತೇನೆ, ಒಮ್ಮೊಮ್ಮೆ ವರ್ಷ ಹಿಡಿದರೂ ಸರಿ. ತೀರಾ ಸಾಮಾನ್ಯವಾದವನ್ನು ಹಕ್ಕಿ, ರೈಲು, ಕ್ರಿಕೆಟ್ ಅಂತ ಬೇರೆ ಮಾಡಿ ಕಟ್ಟು ಕಟ್ಟುತ್ತೇನೆ. ಹೊಸದಾಗಿ ಸಂಗ್ರಹ ಶುರು ಮಾಡುವ ಶಾಲೆ ಮಕ್ಕಳ ಮನೆಯವರು ಇಲ್ಲೇ, ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಾರೆ.